ನೂರ ಅರವತ್ತೆಂಟನೆಯ ಸೋಮವಾರ

"ಅಯ್ಯ, ಅದು ಕಾಯಿಪಲ್ಲೆ ಹೆಚ್ಚೋ ಈಳಿಗಿ ಅಲ್ಲೇನ್ರೀ!" ಎಂದು ಶೈಲಾ ಕೂಗುವಷ್ಟರಲ್ಲಿ ಗುರುಶಾಂತ ಕಟ್ಟಿನ ಪ್ಲಾಸ್ಟಿಕ್ ಪಟ್ಟಿಯನ್ನು ಈಳಿಗೆಗೆ ಒತ್ತಿ ಕತ್ತರಿಸಿಯಾಗಿತ್ತು. ಮುನ್ನೂರು ನೋಟ್‌ಬುಕ್ಕುಗಳು ಪಡಸಾಲೆಯ ನೆಲದ ಮೇಲೆ ಜಾರಿ ಹರಡಿಕೊಂಡವು. ಹೊಸ ಮಸಿಯ ವಾಸನೆ ಒಳಮನೆಯವರೆಗೂ ಹೋಯಿತು. ಮೂಲೆಯಲ್ಲಿ ಮೊರ ಹಿಡಿದು ಕಡಲೆಬೇಳೆ ಹಸನು ಮಾಡುತ್ತಿದ್ದ ನಾಗಲಿಂಗಮ್ಮ ತಲೆಯೆತ್ತಿ ಮಗನನ್ನೂ ಸೊಸೆಯನ್ನೂ ನೋಡಿದಳು.

"ತಗೋ ಯವ್ವಾ, ಮೊದಲ್ನೇದು ನಿನಗ," ಎಂದು ಗುರುಶಾಂತ ಒಂದನ್ನು ಎತ್ತಿ ತಾಯಿಯ ಕೈಗಿಟ್ಟ.

ಹೊದಿಕೆಯ ಮೇಲೆ ಬೆನಕಪ್ಪ ಮಾಸ್ತರರ ಚಿತ್ರವಿತ್ತು. ಕೊಟ್ಟೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಮಾಸ್ತರರು ಲಿಂಗೈಕ್ಯರಾಗಿ ಬರುವ ಶನಿವಾರಕ್ಕೆ ಒಂದು ವರ್ಷ. ಅವರ ನೆನಪಿಗೆ ಅದೇ ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು ಹಂಚಬೇಕೆಂದು ಗುರುಶಾಂತ ನಿಶ್ಚಯಿಸಿದ್ದ.

"ಮಾವಾರು ಎಷ್ಟು ಚಲೋ ಬಂದಾರ ನೋಡ್ರಿ ಅತ್ತಿ. ನಗಾಕತ್ತಾರ," ಎಂದಳು ಶೈಲಾ.

"ನಗು ಅಲ್ಲವ್ವ ಅದು. ಫೋಟೋದವ ತಡಾ ಮಾಡಿದ ಅಂತ ಹಲ್ಲು ಕಡ್ಯಾಕತ್ತಾರ," ಎಂದು ನಾಗಲಿಂಗಮ್ಮ ಸೆರಗಿನಿಂದ ಚಿತ್ರದ ಮೇಲಿನ ಧೂಳನ್ನು ಒರೆಸಿದಳು. ಧೂಳೇನೂ ಇರಲಿಲ್ಲ.

"ಹಿಂದ ತಿರುವಿ ನೋಡು. ಅದು ನನ್ನ ಐಡಿಯಾ," ಎಂದ ಮಗ.

ಹಿಂಬದಿಯಲ್ಲಿ ಕೆಂಪು ಗೆರೆಯ ಚೌಕಟ್ಟು. ಅದರೊಳಗೆ 'ಬೆನಕಪ್ಪ ಮಾಸ್ತರರ ಕೊನೆಯ ಲೆಕ್ಕ' ಎಂಬ ಸಾಲು. ಕೆಳಗೆ ದಪ್ಪ ಅಂಕಿಗಳಲ್ಲಿ:

೯೯,೯೯,೯೯೧ = ೯೯೭ × ೧,೦೦೩

"ಮೂರು ವರ್ಷ ಕುಂತು ಕಂಡುಹಿಡದದ್ದು. ಹುಡುಗ್ರಿಗೂ ಗೊತ್ತಾಗ್ಲಿ," ಎಂದು ಗುರುಶಾಂತ ಪುಸ್ತಕಗಳನ್ನು ಐವತ್ತರ ಗುಂಪು ಮಾಡತೊಡಗಿದ.

ನಾಗಲಿಂಗಮ್ಮ ಓದಿದಳು. ಮತ್ತೊಮ್ಮೆ ಓದಿದಳು. ಮೊರವನ್ನು ಪಕ್ಕಕ್ಕೆ ಸರಿಸಿದಳು.

ಅವಳು ಉಜ್ಜಿನಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಗಂಡನ ಬೀಜಗಣಿತ, ರೇಖಾಗಣಿತ ಯಾವುದೂ ಅವಳ ತಲೆಗೆ ಹೋದದ್ದಿಲ್ಲ. ಆದರೆ ಒಂದು ಸಂಖ್ಯೆಯನ್ನು ಅವಳು ಬೆರಳುಗಳಿಂದ ಬಲ್ಲಳು. ಗುರುಶಾಂತ ನಾಲ್ಕು ವರ್ಷದವನಾಗಿದ್ದಾಗ ಜ್ವರ ಬಂದು ಕಾಲು ಸೋತು ನಿಲ್ಲಲಾರದೆ ಹೋಗಿದ್ದ. ಆಗ ಅವಳು ತವರಿನ ಮರುಳಸಿದ್ಧೇಶ್ವರನಿಗೆ ಹರಕೆ ಹೊತ್ತಳು: ದಿನಕ್ಕೆ ಸಾವಿರದಂತೆ ಸಾವಿರ ದಿನ ಪಂಚಾಕ್ಷರಿ. ನೂರೆಂಟು ಮಣಿಯ ಸರ ಒಂದು ಸುತ್ತು ಬಂದರೆ ನೂರೆಂದೇ ಎಣಿಕೆ. ಉಳಿದ ಎಂಟು, ಮನಸ್ಸು ಅತ್ತಿತ್ತ ಹರಿದದ್ದಕ್ಕೆ ಬಿಟ್ಟಿದ್ದು. ಹತ್ತು ಸುತ್ತಿಗೆ ಸಾವಿರ. ಎರಡು ವರ್ಷ ಒಂಬತ್ತು ತಿಂಗಳು ಹಿಡಿಯಿತು. ನಡುವೆ ಹುಡುಗ ಎದ್ದು ಓಡಾಡಿದ, ಅವಳು ನಿಲ್ಲಿಸಲಿಲ್ಲ. ಮುಗಿದ ದಿನ ಮಾಸ್ತರರು ಹೇಳಿದ್ದರು: "ಹತ್ತು ಲಕ್ಷ ಅನ್ನೋದು ನನಗ ಬರೇ ಬರಿಯಾಕ ಬರ್ತೈತಿ ನಾಗಿ. ನಿನಗ ಬೆರಳಿಗೆ ಬರ್ತೈತಿ. ಕೋಟಿ ಮುಟ್ಟಬೇಕಂದ್ರ ಇಂಥಾ ಹರಕಿ ಹತ್ತು ಹೊರಬೇಕು ನೀನು. ಇಪ್ಪತ್ತೇಳು ವರ್ಷ!"

ಈಗ ಕೆಂಪು ಚೌಕಟ್ಟಿನಲ್ಲಿ ಅವಳಿಗೆ ಕಂಡದ್ದು ತನ್ನ ಹರಕೆಯೇ. ದಿನಕ್ಕೆ ಸಾವಿರಕ್ಕೆ ಮೂರು ಕಡಿಮೆ. ದಿನಗಳು ಸಾವಿರಕ್ಕೆ ಮೂರು ಹೆಚ್ಚು. ಹೇಗೆ ಹೊರಳಿಸಿದರೂ ಅದು ಹತ್ತು ಲಕ್ಷದ ಆಚೀಚೆಯೇ ಇರಬೇಕು. ಎಡಗಡೆಯ ಸಂಖ್ಯೆಯೋ, ಕೋಟಿಗೆ ಒಂಬತ್ತು ಕಡಿಮೆ. ಎರಡರ ನಡುವೆ ಅವಳು ಮಾಡದೆ ಉಳಿದ ಒಂಬತ್ತು ಹರಕೆಗಳ ದೂರವಿತ್ತು.

"ಗುರುಶಾಂತಾ, ಅಚ್ಚಿನವ ತಪ್ಪು ಹೊಡದಾನೇನು?"

"ಇಲ್ಲವ್ವ. ಸಂಖ್ಯೆ ಮೊದಲ್ನೇ ಪುಟದ್ದು, ಉತ್ತರ ಕಡೇ ಪುಟದ್ದು, ಅಪ್ಪಾಜಿ ಬುಕ್ಕು ನೋಡೇ ಬರಕೊಂಡು ಹೋಗೇನಿ. ಯಾಕ?"

ಅವಳು ಎದ್ದು ದೇವರ ಕೋಣೆಗೆ ಹೋದಳು.

ಮಾಸ್ತರರ ಪುಸ್ತಕ ವಿಭೂತಿಯ ಪೆಟ್ಟಿಗೆಯ ಕೆಳಗೇ ಇತ್ತು. ವರ್ಷದಿಂದ ದಿನವೂ ಅದಕ್ಕೊಂದು ಹೂವು ಇಡುತ್ತಿದ್ದಳೇ ಹೊರತು ತೆರೆದಿರಲಿಲ್ಲ. ಅದರ ಹುಟ್ಟು ಅವಳಿಗೆ ಗೊತ್ತಿತ್ತು. ಮಾಸ್ತರರು ನಿವೃತ್ತರಾಗುವ ವರ್ಷ ಹತ್ತನೆಯ ತರಗತಿಯ ಸಮತಾ ಎಂಬ ಹುಡುಗಿ ಕೇಳಿದ್ದಳಂತೆ: "ಸರ್, ಯಾವುದರಿಂದಲೂ ಒಡೀಲಾರದ ಸಂಖ್ಯೆ ಅಂತೀರಲ್ಲ, ಕೋಟಿ ಒಳಗ ಅಂಥಾದ್ದು ಕಡೇದು ಯಾವುದ್ರಿ?" ಮಾಸ್ತರರು ಕೋಟಿಯಿಂದ ಹಿಂದಕ್ಕೆ ಬರುತ್ತ ಒಂದೊಂದನ್ನೇ ಒಡೆದು, ಒಂಬತ್ತು ಕಡಿಮೆಯದರ ಹತ್ತಿರ ನಿಂತರು. ಇದಿರಬಹುದು, ನೋಡಿ ಹೇಳುತ್ತೇನೆ ಎಂದವರು ಸಂಸಾರದಲ್ಲಿ ಮರೆತರು. ಎಪ್ಪತ್ತು ದಾಟಿದ ಮೇಲೆ ಒಂದು ಸೋಮವಾರ ಲಿಂಗಪೂಜೆ ಮುಗಿಸಿ ಎದ್ದವರು, "ಆ ಹುಡುಗಿಗೆ ಉತ್ತರ ಕೊಡೋದು ಉಳದೈತಿ," ಎಂದು ಈ ಪುಸ್ತಕ ತೆರೆದು ಕುಳಿತರು.

ಎಲ್ಲ ಸಂಖ್ಯೆಗಳಿಂದಲೂ ಭಾಗಿಸಬೇಕಾಗಿಲ್ಲ ಎಂದು ಅವಳಿಗೆ ವಿವರಿಸಿದ್ದರು. ಮೂರು ಸಾವಿರದ ನೂರ ಅರವತ್ತೆರಡನ್ನು ದಾಟಿದರೆ ಸಾಕು. ಅದಕ್ಕಿಂತ ದೊಡ್ಡದೊಂದು ಭಾಗಿಸುವುದಾದರೆ ಅದರ ಜೊತೆಯ ಚಿಕ್ಕದು ಮೊದಲೇ ಸಿಕ್ಕಿಬಿದ್ದಿರುತ್ತದೆ. ಅದರಲ್ಲೂ ತಾವೇ ಒಡೆಯದ ಅವಿಭಾಜ್ಯ ಸಂಖ್ಯೆಗಳಷ್ಟೇ ಬೇಕು. ಅಂಥವು ನಾಲ್ಕುನೂರ ನಲವತ್ತಾರು. ಸೋಮವಾರಕ್ಕೆ ಒಂದು. "ಎಂಟೂವರಿ ವರ್ಷದ ಕೆಲಸ. ಅಲ್ಲೀತನಕ ಶಿವ ನನ್ನ ತಂಟೆಗೆ ಬರಂಗಿಲ್ಲ," ಎಂದು ನಕ್ಕಿದ್ದರು. ಕಂಪ್ಯೂಟರಿಗೆ ಕೇಳಿದರೆ ಕ್ಷಣದ ಕೆಲಸವಲ್ಲವೇ ಎಂದು ಮಗ ಅಂದದ್ದಕ್ಕೆ, "ನನ್ನ ಪಾಲಿನ ಊಟ ಅದಕ್ಕ್ಯಾಕ ಬಡಸಲಿ?" ಎಂದಿದ್ದರು.

ಹಾಗೆ ಎರಡರಿಂದ ಹಿಡಿದು ಒಂದೊಂದೇ ಪುಟ. ಪ್ರತಿ ಪುಟದ ನೆತ್ತಿಯಲ್ಲಿ ಸಂಖ್ಯೆಯನ್ನು ಹೊಸದಾಗಿ ಬರೆಯುವರು, ಭಾಗಿಸುವರು, ಶೇಷವನ್ನು ಸುತ್ತು ಹಾಕಿ ಗುರುತಿಸುವರು. ನೂರ ಅರವತ್ತೆಂಟನೆಯ ಸೋಮವಾರ ೯೯೭ರ ಸರದಿ. ಶೇಷ ಸೊನ್ನೆ ಬಂತು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿದೆ. "ಸಿಕ್ಕಿಬಿದ್ದ ನೋಡ್ಲೇ ಕಳ್ಳ!" ಎಂದು ಕೂಗುತ್ತ ಅಡುಗೆಮನೆಗೆ ಬಂದಿದ್ದರು. ಹೋಳಿಗೆ ಮಾಡಿಸಿ ತುಪ್ಪ ಸುರಿಸಿಕೊಂಡು ಎರಡು ತಿಂದಿದ್ದರು. ಹನ್ನೊಂದನೆಯ ದಿನ, ಶುಕ್ರವಾರ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಕೈಗೆತ್ತಿಕೊಂಡದ್ದನ್ನು ಮುಗಿಸಿ ಹೋದರು ಎಂದು ಬಂದವರೆಲ್ಲ ಅಂದರು. ಇಡೀ ವರ್ಷ ಅವಳು ಆ ಮಾತನ್ನೇ ಹಿಡಿದುಕೊಂಡು ನಿಂತಿದ್ದಳು.

ಕಿಟಕಿಯ ಬೆಳಕಿಗೆ ಕುಳಿತು ಪುಟ ತಿರುವಿದಳು. ಹಿಂದಿನ ಸೋಮವಾರದ್ದು ೯೯೧: ಭಾಗಲಬ್ಧ ಹತ್ತು ಸಾವಿರದ ತೊಂಬತ್ತು, ಶೇಷ ಎಂಟುನೂರ ಒಂದು. ಮುಂದಿನ ಪುಟದಲ್ಲಿ ಭಾಗಲಬ್ಧ ಸಾವಿರದ ಮೂರಕ್ಕೆ ಇಳಿದಿತ್ತು. ಹೆಬ್ಬೆರಳನ್ನು ಬೆರಳಗೆಣ್ಣುಗಳ ಮೇಲೆ ಸರಿಸುತ್ತ, ಜಪಕ್ಕೆ ಎಣಿಸಿದ ಹಾಗೆ, ನೆತ್ತಿಯ ಒಂಬತ್ತುಗಳನ್ನು ಎಣಿಸಿದಳು. ಹಿಂದಿನ ಪುಟದಲ್ಲಿ ಆರು ಒಂಬತ್ತು, ಕೊನೆಗೊಂದು ಒಂದು. ಈ ಪುಟದಲ್ಲಿ ಐದು ಒಂಬತ್ತು, ಕೊನೆಗೊಂದು ಒಂದು. ಮೂರು ಸಲ ಎಣಿಸಿದಳು. ಐದೇ.

ಆಗ ಅವರ ಎಡಗಣ್ಣಿಗೆ ಪೊರೆ ಬಂದಿತ್ತು. ಸಾಲಾಗಿ ನಿಂತ ಒಂಬತ್ತುಗಳಲ್ಲಿ ಒಂದು ಜಾರಿಹೋಗಿತ್ತು.

ತಾಳೆ ನೋಡದೆ ಬಿಡುವವರಲ್ಲ ಅವರು. ಪುಟದ ಬುಡದಲ್ಲಿ ತಾಳೆಯೂ ಇತ್ತು. ಅಂಕಿಗಳನ್ನು ಕೂಡಿಸು, ಒಂಬತ್ತುಗಳನ್ನು ಎಸೆ, ಉಳಿದದ್ದು ಎರಡು ಕಡೆಯೂ ಒಂದೇ ಬರಬೇಕು: ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಅದನ್ನೇ. ೯೯೭ರಲ್ಲಿ ಉಳಿಯುವುದು ಏಳು. ೧,೦೦೩ರಲ್ಲಿ ನಾಲ್ಕು. ಏಳು ನಾಲ್ಕಲಿ ಇಪ್ಪತ್ತೆಂಟು, ಎರಡೂ ಎಂಟೂ ಹತ್ತು, ಉಳಿದದ್ದು ಒಂದು. ನೆತ್ತಿಯ ಸಂಖ್ಯೆಯಲ್ಲೂ ಒಂಬತ್ತುಗಳೆಲ್ಲ ಹೋದರೆ ಒಂದೇ. ತಾಳೆ ಬಿದ್ದಿತ್ತು. ಒಂಬತ್ತನ್ನು ಲೆಕ್ಕಕ್ಕೇ ಹಿಡಿಯದ ತಾಳೆಗೆ ಒಂದು ಒಂಬತ್ತು ಇಲ್ಲವಾದದ್ದು ಹೇಗೆ ತಿಳಿಯಬೇಕು?

ಪುಸ್ತಕದ ಜೊತೆಗಿದ್ದ ಪೆನ್ನಿನಲ್ಲಿ, ಆರು ಒಂಬತ್ತು, ಕೊನೆಗೊಂದು ಒಂದು ಬರೆದು, ೯೯೭ರಿಂದ ತಾನೇ ಭಾಗಿಸಿದಳು. ಶಾಲೆ ಬಿಟ್ಟು ಐವತ್ತೈದು ವರ್ಷವಾಗಿತ್ತು. ಶೇಷ ಎಂಬತ್ತೊಂದು.

ನಾಲ್ಕುನೂರ ನಲವತ್ತಾರರಲ್ಲಿ ನೂರ ಅರವತ್ತೆಂಟು ಹೋದರೆ ಇನ್ನೂರ ಎಪ್ಪತ್ತೆಂಟು. ಇನ್ನೂ ಇನ್ನೂರ ಎಪ್ಪತ್ತೆಂಟು ಸೋಮವಾರ ಇತ್ತು ಅವರಿಗೆ. ಐದು ವರ್ಷದ ಮೇಲೆ.

"ಶಿವನೇ," ಎಂದಳು.

ಮಗನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. ಮೊಬೈಲಿನಲ್ಲಿ ಗುಣಿಸಿ ನೋಡಿ ನಂಬಿದ. ಪುಸ್ತಕಗಳ ಗುಂಪಿನ ಮೇಲೆಯೇ ಕುಳಿತುಬಿಟ್ಟ.

"ಒಂದು ಮಾತು ಕೇಳ್ತೀನಿ. ಯಾರು ನೋಡ್ತಾರವ್ವ ಹಿಂದಿನ ಪುಟ? ಹುಡುಗ್ರು ಅಪ್ಪಾಜಿ ಫೋಟೋಕ್ಕ ಮೀಸಿ ಬರ್ಯಾಕ ಶುರು ಮಾಡ್ತಾವ, ಅಷ್ಟ."

"ಮೀಸಿ ಮೊದಲ ಅದಾವಲ್ರೀ," ಎಂದಳು ಶೈಲಾ ಒಳಗಿನಿಂದ ಬರುತ್ತ, ನಗಿಸಲಿಕ್ಕೆಂದು. ಯಾರೂ ನಗಲಿಲ್ಲ.

"ಅಪ್ಪಾಜಿ ಖುಷೀಲೆ ಹೋಗ್ಯಾನ," ಎಂದ ಗುರುಶಾಂತ. "ಈಗ ಆ ಖುಷಿ ಸುಳ್ಳು ಅಂತ ಊರ ಮುಂದ ಸಾರೋದೇನು? ನನ್ನ ಕೈಲೆ ಆಗಂಗಿಲ್ಲವ್ವ."

ತನ್ನ ಕೈಯಲ್ಲಾದರೂ ಆಗುತ್ತದೆಯೇ ಎಂದು ನಾಗಲಿಂಗಮ್ಮನಿಗೂ ತಿಳಿಯಲಿಲ್ಲ. ತಪ್ಪನ್ನು ಬಿಟ್ಟರೆ ಮುನ್ನೂರು ಮಕ್ಕಳ ಕೈಯಲ್ಲಿ ಗಂಡನ ಹೆಸರಿನ ಕೆಳಗೆ ಸುಳ್ಳು ಲೆಕ್ಕ ಉಳಿಯುತ್ತದೆ. ತಿದ್ದಿದರೆ, ಆ ಹೋಳಿಗೆಯ ದಿನವನ್ನು ತಾನೇ ಅವರಿಂದ ಕಿತ್ತುಕೊಂಡಂತೆ. ಕೊನೆಗೆ, "ಸಮತಾಗ ಫೋನ್ ಹಚ್ಚು. ಆಕೀದು ಲೆಕ್ಕ ಇದು," ಎಂದಳು.

ಸಮತಾ ಈಗ ಅದೇ ಶಾಲೆಯಲ್ಲಿ ಗಣಿತದ ಟೀಚರು. ಹಗರಿಬೊಮ್ಮನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ತಂದೆ ಸೋಮಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದವನು. ಮನೆಯಲ್ಲಿ ಬುದ್ಧನ ಪಟವಿಟ್ಟವರು. ಹುಡುಗಿಯಾಗಿದ್ದಾಗ ಪಾಠಕ್ಕೆಂದು ಈ ಮನೆಗೆ ಬಂದ ಮೊದಲ ದಿನ ನಾಗಲಿಂಗಮ್ಮ ಅವಳಿಗೆ ನೀರು ಕೊಟ್ಟದ್ದು ಬೇರೆ ಲೋಟದಲ್ಲಿ. ಮಾಸ್ತರರು ಮರುದಿನದಿಂದ ಒಂದು ತಿಂಗಳು ತಾವೇ ಆ ಲೋಟದಲ್ಲಿ ನೀರು ಕುಡಿದರು. ಆಮೇಲೆ ಯಾವ ಲೋಟ ಯಾರದೆಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಸಮತಾ ಬಂದಳು. ನಾಗಲಿಂಗಮ್ಮ ಪುಸ್ತಕ ತೆರೆದು ಮುಂದಿಟ್ಟು, ಬೆರಳಿನಿಂದ ನೆತ್ತಿಯ ಸಾಲು ತೋರಿಸಿದಳು. ಸಮತಾ ಬಗ್ಗಿ ನೋಡಲಿಲ್ಲ.

"ನನಗ ಗೊತ್ತೈತ್ರಿ ಅಮ್ಮಾರ," ಎಂದಳು.

"ಏನು ಗೊತ್ತೈತಿ?"

"ಅವತ್ತು ಸಂಜಿಗೆ ಸರ್ ಫೋನ್ ಮಾಡಿದ್ರು. 'ಸಮತಾ, ನಿನ್ನ ಸಂಖ್ಯೆ ಒಡದ್ಯಾ, ಒಂಬೈನೂರ ತೊಂಬತ್ತೇಳು, ಸಾವಿರದ ಮೂರಲಿ' ಅಂದ್ರು. ಬಸ್‌ಸ್ಟ್ಯಾಂಡಿನಾಗ ನಿಂತಿದ್ದೆ. ಬಸ್ಸು ಊರು ದಾಟೋದ್ರಾಗ ಹೊಳೀತು, ಅದು ಹತ್ತು ಲಕ್ಷದ್ದು, ಕೋಟೀದಲ್ಲ ಅಂತ. ತಿರುಗಿ ಫೋನ್ ಮಾಡಾಕ ನಂಬರ್ ಒತ್ತಿದ್ದೆ. ಅವರು ನಕ್ಕದ್ದು ಇನ್ನೂ ಕಿವ್ಯಾಗಿತ್ರಿ. ಮುಂದಿನ ಸೋಮವಾರ ಎದುರಿಗೆ ಕುಂತು ಹೇಳಿದ್ರಾತು ಅಂದ್ಕೊಂಡೆ. ಆ ಸೋಮವಾರ ಪರೀಕ್ಷೆ ಕೆಲಸ ಬಿತ್ತು. ಶುಕ್ರವಾರ ನೀವೇ ಫೋನ್ ಮಾಡಿಸಿದ್ರಿ."

ನಾಗಲಿಂಗಮ್ಮ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

"ನೀ ಬರದ ಆ ಸೋಮವಾರ ಅವರು ಏನು ಮಾಡಿದ್ರು ಗೊತ್ತೇನು ನಿನಗ? ಪೂಜಿ ಮುಗಿಸಿ ಹೊರಗ ಬಂದು ಕುಂತ್ರು. ಪೆನ್ನಿನ ಟೊಪಗಿ ತೆಗದ್ರು. ಮತ್ತ ಹಾಕಿದ್ರು. 'ಇವತ್ತೇನು ಮಾಡ್ಲಿ ಲೇ ನಾಗಿ' ಅಂದ್ರು. ಕೆಲಸ ಮುಗದ ಮನಷ್ಯಾರು ಹೆಂಗ ಕುಂದರ್ತಾರ ಅಂತ ನಾ ಅವತ್ತೇ ನೋಡಿದೆ. ನೀ ಒಂದು ಮಾತು ಹೇಳಿದ್ರ ಒಂದು ಸೋಮವಾರರ ಸಿಗ್ತಿತ್ತಲ್ಲವಾ ಅವರಿಗೆ!"

ಸಮತಾ ತಲೆ ತಗ್ಗಿಸಿದಳು. ಅವಳ ಮಡಿಲ ಮೇಲೆ ಊಟದ ಡಬ್ಬಿಯ ಚೀಲವಿತ್ತು; ಅದರ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು. "ನೀವೇನಂದ್ರಿ ಅಮ್ಮಾರ, ಏನು ಮಾಡ್ಲಿ ಅಂದಾಗ?" ಎಂದು ಕೇಳಿದಳು.

"ನಾನೇ? ನಾ ಏನಂದೇನು. ಮಜ್ಜಿಗಿ ಕಡದು ಕೊಡ್ರಿ ಅಂದೆ."

"ಕಡದ್ರೇನ್ರಿ?"

"ಕಡದ್ರು. ಬೆಣ್ಣಿ ಬರ್ಲಿಲ್ಲ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗುತ್ತ ನಗುತ್ತ ನಾಗಲಿಂಗಮ್ಮನ ಕಣ್ಣಲ್ಲಿ ನೀರು ಇಳಿಯಿತು; ಸಮತಾ ಡಬ್ಬಿಯ ಚೀಲ ಕೆಳಗಿಟ್ಟು ಬಂದು ಅವಳ ಕೈ ಹಿಡಿದುಕೊಂಡಳು. ತಾನೂ ಆ ಸೋಮವಾರ ಒಂಬತ್ತು ಎಣಿಸಬಹುದಿತ್ತು, ಎಣಿಸಲಿಲ್ಲ ಎಂದು ನಾಗಲಿಂಗಮ್ಮನಿಗೆ ಅನ್ನಿಸಿತು. ಪುಸ್ತಕ ಮನೆಯಲ್ಲೇ ಇತ್ತು. ಗಂಡ ಅಷ್ಟು ಸಂತೋಷಪಟ್ಟದ್ದು ಏತಕ್ಕೆಂದು ತೆರೆದು ನೋಡುವ ಮನಸ್ಸಾಗಿರಲಿಲ್ಲ.

"ಆ ಸಂಖ್ಯೆ ಒಡೀತದೋ ಇಲ್ಲೋ, ನಿನಗ ಗೊತ್ತೇನು?" ಎಂದು ಕೇಳಿದಳು.

"ಫೋನಿನಾಗ ನೋಡೀನ್ರಿ. ಗೊತ್ತೈತಿ. ಹೇಳ್ಲೇನು?"

"ಬ್ಯಾಡ."

ಅಷ್ಟರಲ್ಲಿ ಗುರುಶಾಂತ ಪೇಟೆಯಿಂದ ಬಿಳಿ ಹಾಳೆಯ ಕಟ್ಟು, ಗೋಂದಿನ ಎರಡು ಬಾಟಲಿ ತಂದ. ಚೌಕಟ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿಬಿಡುವುದೆಂದು ಶೈಲಾ ಹೇಳಿಕೊಟ್ಟಿದ್ದಳಂತೆ. ಸಮತಾ ಕೂಡ, "ಮೂರು ಮಂದಿ ಕುಂತ್ರ ಎರಡು ತಾಸಿನ ಕೆಲಸ್ರಿ. ಏಳರ ಬಸ್ಸಿಗೆ ಹೋಗ್ತೀನಿ," ಎಂದು ತೋಳು ಮಡಿಚಿದಳು. ಮೊದಲ ಹಾಳೆಗೆ ಗೋಂದು ಹಚ್ಚಿ ಗುರುಶಾಂತ ಪುಸ್ತಕದ ಬೆನ್ನಿಗೆ ಹತ್ತಿರ ತಂದ.

"ತಡಿ," ಎಂದಳು ನಾಗಲಿಂಗಮ್ಮ. "ಅವರ ಹೆಸರಿನ ಮ್ಯಾಲೆ ಹಾಳಿ ಬಡೀತೀಯೇನು?"

"ಮತ್ತ ಹಂಗೇ ಕೊಡೋಣಂತೀಯ?"

"ಹಂಗೇ ಕೊಡು. ನಾಳೆ ಸಾಲಿಗೆ ನಾನೂ ಬರ್ತೀನಿ."

ಗುರುಶಾಂತ ಗೋಂದಿನ ಹಾಳೆಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ವರ್ಷದಿಂದ ತಾಯಿ ಮಾಸ್ತರರ ಸಮಾಧಿಗೆ ಹೋಗಿ ಬಂದದ್ದು ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ದೊಡ್ಡ ಕೋಣೆಯಲ್ಲಿ ಮಕ್ಕಳನ್ನು ಕೂಡಿಸಿದ್ದರು. ಹೆಡ್‌ಮಾಸ್ತರರು ಬೆನಕಪ್ಪನವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಅವರ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ ಎಂದೂ ಹೇಳಿದರು. ಗುರುಶಾಂತ ಗೋಡೆಯ ಕಡೆ ನೋಡಿದ. ಪುಸ್ತಕಗಳು ಕೈಯಿಂದ ಕೈಗೆ ಹೋದವು. ಮುಂದಿನ ಸಾಲಿನಲ್ಲಿ ಒಬ್ಬ ಆಗಲೇ ಪೆನ್ನು ತೆಗೆದು ಚಿತ್ರದ ಮೀಸೆಯನ್ನು ಉದ್ದ ಮಾಡುತ್ತಿದ್ದ.

ನಾಗಲಿಂಗಮ್ಮ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. ಅಷ್ಟು ಮಕ್ಕಳ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.

"ಹಿಂದಿನ ಪುಟ ತಿರುವ್ರಿ," ಎಂದಳು.

ಮುನ್ನೂರು ಪುಸ್ತಕ ತಿರುವಿದ ಸದ್ದು ಒಂದು ಗಾಳಿಯಂತೆ ಹೋಯಿತು.

"ಇದು ನಮ್ಮ ಮನಿಯವರ ಕಡೇ ಲೆಕ್ಕ. ಇದರಾಗ ಅವರು ತಪ್ಪ್ಯಾರ."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬಳು ಧೈರ್ಯ ಮಾಡಿ, "ಮಾಸ್ತರ್ರು ತಪ್ತಾರೇನ್ರಿ ಅಜ್ಜಿ?" ಎಂದಳು.

"ತಪ್ತಾರವ್ವ. ಕಣ್ಣು ಮಂಜಾಗಿತ್ತು, ತಪ್ಪಿದ್ರು. ಹೇಳೋರು ಯಾರೂ ಇರ್ಲಿಲ್ಲ. ಮನಿಯಾಗಿದ್ದಾಕಿ ನಾನೂ ಹೇಳ್ಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಎಲ್ಲಿ ತಪ್ಪ್ಯಾರ ಅಂತ ನೀವು ಹುಡುಕ್ರಿ. ಹುಡುಕಿದ ಮ್ಯಾಲೆ, ಕೋಟಿಗೆ ಒಂಬತ್ತು ಕಡಿಮಿ ಐತ್ಯಲ್ಲ, ಆ ಸಂಖ್ಯೆ ಯಾವುದರಿಂದರ ಒಡೀತೈತೇನು ನೋಡ್ರಿ. ಇನ್ನೂರ ಎಪ್ಪತ್ತೆಂಟು ಉಳದಾವು. ನಿಮ್ಮ ಟೀಚರಿಗೆ ಉತ್ತರ ಗೊತ್ತೈತಿ. ಆಕೀನ್ನ ಕೇಳಬ್ಯಾಡ್ರಿ."

ಬಾಗಿಲ ಹತ್ತಿರ ನಿಂತಿದ್ದ ಸಮತಾ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸ್ವಲ್ಪ ಹೊತ್ತು ಪಿಸುಮಾತು. "ಏ, ಮೊದಲು ಗುಣಿಸಲೇ." "ನೀ ಸುಮ್ಮನಿರು, ಕೂಡಿಸೋದು ತಪ್ಪಿಸ್ತಿ." ಆಮೇಲೆ ಅದೂ ನಿಂತಿತು. ಮೀಸೆ ಬರೆಯುತ್ತಿದ್ದ ಹುಡುಗನ ಪೆನ್ನು ಈಗ ಚೌಕಟ್ಟಿನ ಕೆಳಗೆ ಅಂಕಿ ಬರೆಯುತ್ತಿತ್ತು. ಕೋಣೆಯ ಉದ್ದಕ್ಕೂ ತಲೆಗಳು ಬಗ್ಗಿದವು. ಗುರುಶಾಂತ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

ಎರಡನೆಯ ಸಾಲಿನ ಕೊನೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಪಕ್ಕದವಳಿಗೆ ಕಾಣದ ಹಾಗೆ ಎಡಗೈಯನ್ನು ಪುಟಕ್ಕೆ ಅಡ್ಡ ಹಿಡಿದು, ಬರೆಯುತ್ತಿದ್ದಳು.